ಆಟದ ರೈಲಿನ ಸೇತುವೆಯೂ ಅದರ ತುಕ್ಕೂ

ರೈಲುಹಳಿಯೇ ಇಲ್ಲದ ನಾಡಿನಲ್ಲಿ ಕುಳಿತು ರೈಲುಸೇತುವೆಯ ವಿಚಾರವನ್ನು ಬರೆಯಹೊರಟಿರುವ ನಮ್ಮನ್ನು ಕಂಡು ವಾಚಕರು ನಗುವುದಾದರೆ ನಗಲಿ. ನಮ್ಮ ಮನೆಯವರೂ ಮೊದಲು ನಕ್ಕವರೇ. ಕೊಡಗು ಜಿಲ್ಲೆಯಲ್ಲಿ ಇಂದಿಗೂ ಒಂದು ಗಜ ಹಳಿಯನ್ನಾದರೂ ಹಾಸಿದುದಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರಬೇಕೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಬೇಕೆನ್ನುವವರೂ ಉಂಟು, ಕಾಡಿನ ಗತಿಯೇನೆಂದು ಬೇಡವೆನ್ನುವವರೂ ಉಂಟು. ಆ ವಿವಾದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ಗಾಡಿ ಹತ್ತಬೇಕಾದರೆ ನಾವು ಮೈಸೂರಿಗೋ, ಹಾಸನಕ್ಕೋ, ಸುಬ್ರಹ್ಮಣ್ಯ ರೋಡಿಗೋ, ಕಣ್ಣೂರಿಗೋ ಘಟ್ಟ ಇಳಿಯಬೇಕು. ಹೀಗಿದ್ದರೂ ಮಡಿಕೇರಿಯ ನಮ್ಮ ಮನೆಯ ಅಟ್ಟದ ಮೇಲೆ ಪ್ರತಿದಿನ ಸಂಜೆ ಐದೂವರೆಗೆ ಒಂದು ಗಾಡಿ ತಪ್ಪದೆ ಹೊರಡುತ್ತದೆ. ಅದು ಒಂದು ಸುರಂಗವನ್ನು ಹೊಕ್ಕು, ಒಂದು ಸೇತುವೆಯನ್ನು ದಾಟಿ, ಹೊರಟಲ್ಲಿಗೇ ಮರಳುವುದು. ಆ ಸೇತುವೆಯ ಕಥೆಯೇ ಈ ಲೇಖನ.

ಆಟದ ವಸ್ತುವಿನ ವಿಷಯವನ್ನು ಹಿರಿಯರು ಗಂಭೀರವಾಗಿ ಎತ್ತಿಕೊಳ್ಳಬಹುದೇ ಎಂದು ಸಂಶಯಪಡುವವರಿಗೆ ಒಂದು ಮಾತು. ಭಗವಾನ್ ಪಾಣಿನಿಯೇ ಇದಕ್ಕೆ ಒಂದು ಪ್ರತ್ಯಯವನ್ನು ಮೀಸಲಿಟ್ಟಿದ್ದಾನೆ. ಒಂದು ವಸ್ತುವಿನ ಪ್ರತಿಕೃತಿ ಎಂಬ ಅರ್ಥದಲ್ಲಿ ಆ ವಸ್ತುವಿನ ಹೆಸರಿಗೆ ಕಕಾರವು ಸೇರುವುದು. ಕುದುರೆಯಂತೆ ಮಾಡಿದ ಬೊಂಬೆ ಅಶ್ವಕ. ಈ ನ್ಯಾಯದಿಂದ ಸೇತುವಿನ ಪ್ರತಿಕೃತಿಯನ್ನು ‘ಸೇತುಕ’ ಎನ್ನಬಹುದಷ್ಟೆ. ಮೊಮ್ಮಗನಿಗೆ ಈ ಹೆಸರನ್ನು ಹೇಳಿಕೊಟ್ಟೆವು. ಅವನು ಎರಡು ದಿನ ಹೇಳಿ, ಮೂರನೆಯ ದಿನ ‘ಬ್ರಿಜ್ಜು’ ಎಂದನು. ನಾವು ಮಾತ್ರ ಇಲ್ಲಿ ಸೇತುಕವೆಂದೇ ಬರೆಯುವೆವು.

ಮೊಮ್ಮಗನು ಒಂಬತ್ತನೆಯ ತರಗತಿಯವನು. ನಮ್ಮಲ್ಲಿಯೇ ಇದ್ದು ಓದುತ್ತಿದ್ದಾನೆ. ಹೊರದೇಶದಲ್ಲಿ ಉದ್ಯೋಗದಲ್ಲಿರುವ ಅವನ ಸೋದರಮಾವ, ಎಂದರೆ ನಮ್ಮ ಮಗ, ರಜೆಗೆ ಬಂದಾಗ ಒಂದು ಎಂಜಿನ್ನು, ಮೂರು ಬೋಗಿ, ಒಂದು ವರ್ತುಲದಷ್ಟು ಹಳಿ ಇವನ್ನು ಪೆಟ್ಟಿಗೆಯಲ್ಲಿ ತಂದುಕೊಟ್ಟನು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ಡಿನ ಹಲಗೆಯನ್ನು ಅಟ್ಟಕ್ಕೆ ಏರಿಸಿದುದಾಯಿತು. ಹಳೆಯ ವೃತ್ತಪತ್ರಿಕೆಗಳನ್ನು ಉಂಡೆಮಾಡಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಒಂದು ಗುಡ್ಡ ಎದ್ದಿತು. ಗುಡ್ಡ ಎದ್ದ ಮೇಲೆ ಕಣಿವೆ ತಾನಾಗಿ ಉಂಟಾಯಿತು. ಕಣಿವೆಗೆ ಸೇತುವೆ ಬೇಕಾಯಿತು. ಯಾವ ಸೇತುವೆ? ಹುಡುಗನ ಉತ್ತರ ಸಿದ್ಧವಾಗಿತ್ತು: “ಎಡಕುಮೇರಿಯದು, ಅಜ್ಜ.”

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ಹಳಿ ನಮಗೆ ನೆರೆಯದೇ. ಹಾಸನ–ಮಂಗಳೂರು ಮಾರ್ಗವು ಮೀಟರ್ ಗೇಜಿನದಾಗಿ 1979ರಲ್ಲಿ ಪೂರ್ಣಗೊಂಡಿತು. 1996ರಲ್ಲಿ ಘಟ್ಟದ ಭಾಗವನ್ನು ಮುಚ್ಚಿ ಅಗಲಹಳಿಯಾಗಿ ಮಾರ್ಪಡಿಸತೊಡಗಿದರು. 2006ರಲ್ಲಿ ಸರಕಿನ ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮರಳಿ ಓಡಿದವು. ಸುಮಾರು 55 ಕಿಲೋಮೀಟರುಗಳಲ್ಲಿ 57 ಸುರಂಗಗಳು, ನೂರಕ್ಕೆ ಮಿಕ್ಕ ಸೇತುವೆಗಳು. ಇಳಿಜಾರು ಐವತ್ತಕ್ಕೆ ಒಂದು. ಐವತ್ತು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಕೆಳಕ್ಕೆ. ಹಿಂದೆ ಯುವಕರು ಈ ಹಳಿಯ ಮೇಲೆಯೇ ಕಾಲ್ನಡೆಯಾಗಿ ಹೋಗುತ್ತಿದ್ದುದುಂಟು. ಅದು ನಿಷಿದ್ಧವಾಗಿದೆ, ನಿಷಿದ್ಧವಾದುದು ಸರಿಯೂ ಆಗಿದೆ. ನಾವಿಬ್ಬರು ಹಗಲುಗಾಡಿಯಲ್ಲಿ ಕಿಟಕಿಯ ಬಳಿ ಕುಳಿತು ಹೋಗಿ ನೋಡಿ ಬಂದೆವು. ಹುಡುಗನು ಒಂದು ಟಿಪ್ಪಣಿಪುಸ್ತಕದ ತುಂಬ ಚಿತ್ರ ಬರೆದನು. ನಾವು ಬುತ್ತಿಯನ್ನು ಬಿಚ್ಚುವುದನ್ನೂ ಮರೆತೆವು.

ಸೇತುಕಗಳ ಕಿಟ್ಟುಗಳನ್ನು ಕೊಳ್ಳಹೊರಟಾಗ ಮೊದಲು ಎದುರಾದ ತೊಡಕು ಅಳತೆಯದು. ಜಗತ್ತಿನಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಎಚ್‌ಓ ಎಂಬ ಪ್ರಮಾಣ. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಆಂಗ್ಲರು ಅದೇ ಹಳಿಯ ಮೇಲೆ 76ರಲ್ಲಿ ಒಂದು ಪಾಲಿನ ಗಾಡಿಗಳನ್ನು ಓಡಿಸುವರು. ಅದಕ್ಕೆ ಓಓ ಎಂದು ಹೆಸರು. ಇನ್ನೂ ಚಿಕ್ಕದು ಎನ್, 160ರಲ್ಲಿ ಒಂದು. ಎಚ್‌ಓ ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಇದು ಯುರೋಪು ಅಮೆರಿಕಗಳ ಹಳಿಗೆ ಸರಿಹೊಂದುವ ಲೆಕ್ಕ. ನಮ್ಮ ದೇಶದ ಅಗಲಹಳಿ 1676 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ 19ಕ್ಕೂ ಮಿಕ್ಕುವುದು. ಅಂದಮೇಲೆ ಪೆಟ್ಟಿಗೆಯ ಹಳಿ ನಮ್ಮ ಘಟ್ಟಕ್ಕೆ ಇಕ್ಕಟ್ಟು. ಇದನ್ನು ಯೋಚಿಸುತ್ತ ಒಂದು ರಾತ್ರಿ ನಿದ್ರೆ ಬಾರದೆ ಮಗ್ಗಿ ಹೇಳಿಕೊಳ್ಳುತ್ತಿರಲು ಒಂದು ಸಂಗತಿ ಹೊಳೆಯಿತು: ಪ್ರಮಾಣವನ್ನು ನೂರರಲ್ಲಿ ಒಂದು ಎಂದು ಹಿಡಿದರೆ 1676 ಎಂಬುದು 16.76 ಆಗುವುದು! ಕಾಲು ಮಿಲಿಮೀಟರಿನ ಅಂತರಕ್ಕೆ ಯಾರು ತಾನೇ ಜಗಳವಾಡುವರು? ಗುಡ್ಡ, ಮರ, ಸೇತುವೆಗಳೆಲ್ಲವನ್ನೂ ನೂರರ ಲೆಕ್ಕದಲ್ಲಿ ಮಾಡುವುದೆಂದು ನಿಶ್ಚಯಿಸಿದೆವು. ಎಂಜಿನ್ನು ಮಾತ್ರ ಜರ್ಮನಿಯದು, 87ರದು. ಅದರ ಕುಲಗೋತ್ರಗಳನ್ನು ನಾವು ವಿಚಾರಿಸಹೋಗಲಿಲ್ಲ.

ಇನ್ನು ಕಿಟ್ಟುಗಳ ತಾರತಮ್ಯ. ಪೇಟೆಯಲ್ಲಿ ದೊರೆಯುವವುಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದರಲ್ಲಿ ಗಾಡಿಯು ಉಕ್ಕಿನ ಪಂಜರದೊಳಗೆ ಹಾದುಹೋಗುವುದು. ತ್ರಿಕೋಣಗಳನ್ನು ಹೆಣೆದ ಈ ಚೌಕಟ್ಟಿಗೆ ಟ್ರಸ್ ಎನ್ನುವರು. ಇನ್ನೊಂದರಲ್ಲಿ ಎರಡು ಉಕ್ಕಿನ ತೊಲೆಗಳ ನೆತ್ತಿಯ ಮೇಲೆಯೇ ಗಾಡಿ ಹೋಗುವುದು, ಇದು ಗರ್ಡರ್. ಮಕ್ಕಳ ಕಣ್ಣಿಗೆ ಪಂಜರವೇ ಸೊಗಸು, ಆದುದರಿಂದ ಅಂಗಡಿಗಳಲ್ಲಿ ಅದೇ ಹೆಚ್ಚು. ಆದರೆ ಇಂಜಿನಿಯರರು ಅದನ್ನು ಸೊಗಸಿಗಾಗಿ ಕಟ್ಟುವುದಿಲ್ಲ. ನಮ್ಮ ರೈಲ್ವೆಯಲ್ಲಿ ತಗಡಿನ ಗರ್ಡರುಗಳಿಗೆ ಗೊತ್ತುಮಾಡಿರುವ ಉದ್ದಗಳು 12.2, 18.3, 24.4 ಮೀಟರುಗಳು, ಚೌಕಟ್ಟಿನವು 30.5 ಮೀಟರಿನಿಂದ ಆರಂಭವಾಗಿ 45.7, 61, 76.2 ಎಂದು ಏರುವುವು. ಹಳೆಯ ಅಡಿಲೆಕ್ಕದಲ್ಲಿ ಇವು ನಲವತ್ತು, ಅರವತ್ತು, ಎಂಬತ್ತು, ನೂರು, ನೂರೈವತ್ತು ಹೀಗೆ. ಅಂದರೆ ಕಂಬಗಳ ನಡುವಣ ಹರವು ಹೆಚ್ಚಿ, ಗಟ್ಟಿ ತಗಡಿನ ತೊಲೆ ತನ್ನ ಭಾರಕ್ಕೆ ತಾನೇ ಬಳಲುವಂತಾದಲ್ಲಿ ಮಾತ್ರ ಪಂಜರವು ಬೇಕಾಗುವುದು.

ಈ ಒಂದು ಸೂತ್ರವನ್ನು ಕೈಯಲ್ಲಿ ಹಿಡಿದು ನೋಡಿದರೆ ಕಿಟ್ಟುಗಳ ಯೋಗ್ಯತೆ ಗೊತ್ತಾಗುವುದು. ಅಮೆರಿಕದ ಅಟ್ಲಾಸ್ ಕಂಪೆನಿಯು ಹಳಿಯ ಸಮೇತ ಒಂಬತ್ತು ಅಂಗುಲದ ಟ್ರಸ್ ಸೇತುಕಗಳನ್ನು ಮಾಡಿತು. ಅಂಟೂ ಬೇಡ, ಬಹಳ ಹೊತ್ತೂ ಬೇಡ. ಆದರೆ ಒಂಬತ್ತು ಅಂಗುಲವನ್ನು 87ರಿಂದ ಗುಣಿಸಿದರೆ ಇಪ್ಪತ್ತು ಮೀಟರು. ಅಷ್ಟು ಸಣ್ಣ ಹಳ್ಳಕ್ಕೆ ಪಂಜರ ಕಟ್ಟುವುದೆಂದರೆ ಗುಬ್ಬಿಗೆ ಅಂಬಾರಿ ಹೊರಿಸಿದಂತೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅದು ಉತ್ತಮ. ಬಣ್ಣ ಹಾಕಿ ನಿಜವೆಂದು ತೋರಿಸಹೊರಟವರಿಗೆ ಸಾಲದು. ಆಂಗ್ಲರಲ್ಲಿ ಮೊದಲು ಏರ್‌ಫಿಕ್ಸ್ ಹೆಸರಿನಲ್ಲಿ ಬಂದು ಅನಂತರ ದಪೋಲ್ ಕಂಪೆನಿಯ ಕೈಗೆ ಹೋದ ಗರ್ಡರ್ ಸೇತುಕವೊಂದುಂಟು. ಅದು ಓಓ ಪ್ರಮಾಣದ್ದು. ಅಚ್ಚು ಹಳೆಯದು, ಬೆಲೆ ಮಿತವಾದುದು, ಕೈಪಳಗಿಸಿಕೊಳ್ಳಲು ಒಳ್ಳೆಯದು. ಕಪ್ಪುಕಾಡಿನ ಸೀಮೆಯ ಗುಟೆನ್‌ಬಾಖ್ ಎಂಬ ಊರಿನಲ್ಲಿ 1946ರಲ್ಲಿ ಇಬ್ಬರು ಸೋದರರು ತೆರೆದ ಫಾಲರ್ ಕಾರ್ಖಾನೆಯವು ಬೇರೆಯೇ ಬಗೆ. ಅವುಗಳ ಪ್ಲಾಸ್ಟಿಕ್ಕಿಗೆ ಬಣ್ಣವನ್ನು ಮೊದಲೇ ಕೂಡಿಸಿರುವುದರಿಂದ ಬಣ್ಣ ಹಚ್ಚದೆಯೂ ನಿಲ್ಲಿಸಬಹುದು. ಜೋಡಣೆಯ ಅಚ್ಚುಕಟ್ಟನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅವುಗಳ ಕಲ್ಲಿನ ಕಮಾನುಗಳು ಆಲ್ಪ್ಸ್ ಪರ್ವತದವು. ಘಟ್ಟದಲ್ಲಿ ಅವನ್ನು ನಿಲ್ಲಿಸಿದರೆ ಅಳಿಯನ ಮನೆಗೆ ಬಂದ ಬೀಗರಂತೆ ಅಲುಗದೆ ಕುಳಿತಿರುವುವು.

ಸೆಂಟ್ರಲ್ ವ್ಯಾಲಿ ಎಂಬ ಅಮೆರಿಕದ ಸಂಸ್ಥೆ ಹೊರತಂದ ನೂರೈವತ್ತು ಅಡಿಯ ಪ್ರಾಟ್ ಟ್ರಸ್ ಇವೆಲ್ಲವುಗಳಲ್ಲಿ ಪಂಡಿತ. ಪ್ರಾಟ್ ಎಂದರೆ ಓರೆ ಪಟ್ಟಿಗಳು ಎರಡು ಕಡೆಯಿಂದಲೂ ನಡುವಿನತ್ತ ಇಳಿಯುವ ಬಗೆ. ಭಾರ ಬಿದ್ದಾಗ ಓರೆಪಟ್ಟಿಗಳು ಸೆಳೆತಕ್ಕೂ ನೆಟ್ಟಗಣ ಪಟ್ಟಿಗಳು ಒತ್ತಡಕ್ಕೂ ಒಳಗಾಗುವುವು. ಎಡಬಲಕ್ಕೆ ಒಂದಾದ ಮೇಲೊಂದು ಓರೆಯಾಗಿ ತ್ರಿಕೋಣಗಳ ಸರಮಾಲೆಯಂತಿದ್ದರೆ ಅದು ವಾರನ್. ಈ ಕಿಟ್ಟಿನ ಜಾಲರಿಪಟ್ಟಿಗಳು ತೆಳು, ರಿವೆಟ್ಟುಗಳು ಸಾಸಿವೆಗಿಂತ ಎಷ್ಟೋ ಸಣ್ಣವು; ಉದ್ದ ಅರ್ಧ ಮೀಟರಿಗೂ ಸ್ವಲ್ಪ ಹೆಚ್ಚು. ಅರವತ್ತರ ಕಣ್ಣುಗಳಿಗೆ ಭೂತಗನ್ನಡಿಯಿಲ್ಲದೆ ಸಾಧ್ಯವಿಲ್ಲ. ನಮಗೆ ಅದರ ಮೇಲೆ ಮೋಹವುಂಟಾಯಿತೆಂಬುದನ್ನು ಮುಚ್ಚಿಡಲಾರೆವು. ಆದರೆ ಹುಡುಗನು ತನ್ನ ಟಿಪ್ಪಣಿಪುಸ್ತಕವನ್ನು ಮುಂದೆ ಹಿಡಿದನು: ಕಿಟಕಿಯಿಂದ ಕಂಡ ಸೇತುವೆಗಳ ಚಿತ್ರಗಳಲ್ಲಿ ಎತ್ತರದ ಕಂಬಗಳೂ ಅವುಗಳ ನೆತ್ತಿಯ ಮೇಲೆ ಗರ್ಡರುಗಳೂ ಇದ್ದುವು, ಪಂಜರ ಇರಲಿಲ್ಲ. ಕಡೆಗೆ ಮೈಕ್ರೊ ಇಂಜಿನಿಯರಿಂಗ್ ಎಂಬ ಕಾರ್ಖಾನೆಯ ಐವತ್ತಡಿ ಗರ್ಡರುಗಳನ್ನು ತರಿಸಿದೆವು. ಪ್ರತಿಯೊಂದೂ 175 ಮಿಲಿಮೀಟರು. ನಮ್ಮ ನೂರರ ಲೆಕ್ಕದಲ್ಲಿ ಹದಿನೇಳೂವರೆ ಮೀಟರಾಗಿ, ನಮ್ಮ ದೇಶದ 18.3 ಮೀಟರಿನ ಗರ್ಡರಿಗೆ ಬಹು ಸಮೀಪಕ್ಕೆ ಬಂದಿತು. ಲೆಕ್ಕ ಹೀಗೆ ಕೂಡಿಬಂದಾಗ ಆಗುವ ಆನಂದವನ್ನು ಮೇಷ್ಟರುಗಳೇ ಬಲ್ಲರು.

ಯಾವ ಕಿಟ್ಟನ್ನು ಕೊಂಡರೂ ಒಂದು ದೋಷ ತಪ್ಪದು. ಅರ್ಧ ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ಕಿನ ಅಂಚು 87ರ ಲೆಕ್ಕದಲ್ಲಿ ನಾಲ್ಕು ಸೆಂಟಿಮೀಟರಿಗೂ ಮಿಕ್ಕ ಉಕ್ಕಾಗುವುದು. ನಿಜವಾದ ತಗಡು ಅಷ್ಟು ದಪ್ಪವಿರುವುದಿಲ್ಲ. ಈ ಸ್ಥೂಲತೆಯನ್ನು ಮರೆಮಾಡುವುದು ಬಣ್ಣ ಒಂದೇ. ಹೊಸ ಪ್ಲಾಸ್ಟಿಕ್ಕಿನ ಹೊಳಪನ್ನು ಕಳೆದು, ವಸ್ತುವು ಬಿಸಿಲುಮಳೆಗಳಲ್ಲಿ ಹತ್ತಾರು ವರ್ಷ ನಿಂತಂತೆ ಮಾಡುವ ಈ ಕೆಲಸಕ್ಕೆ ಬಲ್ಲವರು ವೆದರಿಂಗ್ ಎನ್ನುವರು. ನಾವು ‘ಜರಾಪಾದನ’ ಎಂಬ ಶಬ್ದವನ್ನು ಟಂಕಿಸಿ ಹೇಳಿದಾಗ ಮನೆಯಾಕೆ, “ಅದನ್ನು ಯಾರೂ ಆಪಾದಿಸಬೇಕಾಗಿಲ್ಲ, ತಾನೇ ಬರುತ್ತದೆ” ಎಂದಳು. ಕೊಡಗಿನವರು ಮಾಡಬಹುದಾದ ಸರಳವಾದ ಅನುವಾದ ಮಳೆ ಹೊಯ್ಸುವುದು ಎಂದು.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಅಭ್ಯಾಸಕ್ಕೆಂದು ತಂದಿದ್ದ ಅಗ್ಗದ ಸೇತುಕಕ್ಕೆ ನಾವೇ, ಹುಡುಗನು ಶಾಲೆಗೆ ಹೋಗಿದ್ದಾಗ, ಕಿಟಕಿಯ ಸರಳುಗಳಿಗೆಂದು ಇಟ್ಟಿದ್ದ ಕಪ್ಪು ಎನಾಮೆಲ್ಲನ್ನು ಬಳಿದೆವು. ಅದರ ಮೇಲೆ ಅಲ್ಲಲ್ಲಿ ಕೆಂಪನ್ನು ಚುಕ್ಕೆಯಿಟ್ಟೆವು. ಒಣಗಿದ ಮೇಲೆ ಅದು ಸಿಡುಬು ಬಂದ ಎಮ್ಮೆಯಂತೆ ಹೊಳೆಯುತ್ತಿದ್ದಿತು. ರಿವೆಟ್ಟುಗಳೆಲ್ಲ ಬಣ್ಣದಲ್ಲಿ ಮುಳುಗಿಹೋಗಿದ್ದುವು. ಹುಡುಗನು ಬಂದು ನೋಡಿ ಏನೂ ಹೇಳಲಿಲ್ಲ. ಏನೂ ಹೇಳದೆ ಹೋದುದೇ ನಮಗೆ ಬೇಸರವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಕಾಪಿಪುಸ್ತಕಗಳಿಗೆ ಕೆಂಪುಮಸಿಯ ಗೀರು ಎಳೆದ ಕೈಗೆ ಅದು ತಕ್ಕ ಪ್ರಾಯಶ್ಚಿತ್ತವೇ ಸರಿ.

ತಪ್ಪು ಎಲ್ಲಿ ಆಯಿತೆಂಬುದು ಹೊಳೆದುದು ಬಣ್ಣದ ಡಬ್ಬಿಯಿಂದಲ್ಲ, ನಮ್ಮ ಮನೆಯ ಕಬ್ಬಿಣದ ಗೇಟಿನಿಂದ. ಒಂದು ಭಾನುವಾರ ಮಳೆ ಬಿಟ್ಟ ಹೊತ್ತಿನಲ್ಲಿ ಹುಡುಗನೂ ನಾವೂ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದೆವು. ನೆಟ್ಟಗಿರುವ ಸರಳುಗಳ ಮೈಯಲ್ಲಿ ತುಕ್ಕು ಇಲ್ಲವೆನ್ನುವಷ್ಟು ಕಡಿಮೆ. ನೀರು ಅಲ್ಲಿ ನಿಲ್ಲದೆ ಜಾರಿಹೋಗುವುದು. ಅಡ್ಡಪಟ್ಟಿಯ ಮೇಲ್ಮುಖದಲ್ಲಿ, ಎರಡು ಪಟ್ಟಿ ಕೂಡುವ ಸಂದಿನಲ್ಲಿ, ತಿರುಗುಣಿಯ ಕೆಳಗೆ ತುಕ್ಕು ತಿಂದುಹಾಕಿದೆ. ಅಲ್ಲಿಂದ ಕಂದುಬಣ್ಣದ ಗೀರುಗಳು ಕೆಳಕ್ಕೆ ಇಳಿದಿವೆ. ಮೊದಲಲ್ಲಿ ಗಾಢ, ಬರುಬರುತ್ತ ತೆಳು. ತುಕ್ಕಿಗೆ ಒಂದು ಮೂಲವೂ ಒಂದು ದಾರಿಯೂ ಉಂಟು. ನಾವು ಚುಕ್ಕೆಯಿಟ್ಟ ಕಡೆಗಳಲ್ಲಿ ಎರಡೂ ಇರಲಿಲ್ಲ.

ಆ ದಿನದಿಂದ ಕಿಟ್ಟುಗಳನ್ನು ನೋಡುವ ನಮ್ಮ ದೃಷ್ಟಿಯೂ ಬದಲಾಯಿತು. ಯಾವುದರಲ್ಲಿ ನೀರು ನಿಲ್ಲಲು ಎಡೆಯನ್ನು ಬಿಟ್ಟಿದ್ದಾರೋ ಅದೇ ಒಳ್ಳೆಯ ಕಿಟ್ಟು. ಗರ್ಡರಿನ ಕೆಳಗಣ ಚಾಚು, ನೆಟ್ಟಗಣ ಬಿಗಿಪಟ್ಟಿಗಳು ಆ ಚಾಚಿಗೆ ಕೂಡುವ ಮೂಲೆ, ಕಂಬದ ಮೇಲೆ ಗರ್ಡರು ಕೂರುವ ಬೇರಿಂಗಿನ ದಿಂಡು ಇವೆಲ್ಲ ಬಿಡಿಬಿಡಿಯಾಗಿ ಅಚ್ಚಾಗಿದ್ದರೆ ಬಣ್ಣವು ತಾನೇ ತನ್ನ ಜಾಗವನ್ನು ಹುಡುಕಿಕೊಳ್ಳುವುದು. ಬೇರಿಂಗನ್ನು ಬರಿಯ ಗೀಟಾಗಿ ತೋರಿಸಿರುವ ಕಿಟ್ಟಿಗೆ ಎಷ್ಟು ಬಣ್ಣ ಬಳಿದರೂ ಅದು ಆಟದ ಸಾಮಾನೇ.

ಉಕ್ಕಿನ ಸೇತುವೆಗೆ ನಮ್ಮ ರೈಲ್ವೆಯವರು ಬಣ್ಣ ಹಾಕುವ ಕ್ರಮವನ್ನೂ ತಿಳಿದುಕೊಂಡೆವು. ಮೊದಲು ಕೆಂಪು ಆಕ್ಸೈಡಿನ ಲೇಪ. ಅದರ ಮೇಲೆ ಬೆಳ್ಳಿಯಂತೆ ತೋರುವ ಅಲ್ಯುಮಿನಿಯಂ ಬಣ್ಣ. ವರ್ಷಗಳು ಕಳೆದಂತೆ ಬೆಳ್ಳಿ ಬೂದಿಯಾಗುವುದು. ಎಲ್ಲಿ ಅದು ಸಿಪ್ಪೆಯೇಳುವುದೋ ಅಲ್ಲಿ ಕೆಂಪು ಇಣುಕುವುದು. ಆ ಕೆಂಪೂ ಸವೆದಲ್ಲಿ ನಿಜವಾದ ತುಕ್ಕು. ಸೇತುಕಕ್ಕೂ ಇದೇ ಅನುಕ್ರಮವನ್ನು ಹಿಡಿದೆವು. ಹೊಳಪಿಲ್ಲದ ಕೆಂಗಂದು ಬಣ್ಣವನ್ನು ತೆಳ್ಳಗೆ ಬಳಿದು ಒಣಗಿಸಿ, ನೀರು ನಿಲ್ಲುವ ಕಡೆಗಳಲ್ಲಿ ಮಾತ್ರ ಒದ್ದೆ ಕುಂಚದಿಂದ ಅಡುಗೆಯ ಉಪ್ಪಿನ ಹರಳುಗಳನ್ನು ಕೂರಿಸಿ, ಅವು ಒಣಗಿದ ಮೇಲೆ ಅಲ್ಯುಮಿನಿಯಂ ಬಣ್ಣವನ್ನು ಸಿಂಪಡಿಸಿದೆವು. ಅದೂ ಒಣಗಿದ ಬಳಿಕ ಗಡುಸಾದ ಕುಂಚದಿಂದ ಉಪ್ಪನ್ನು ಉಜ್ಜಿ ಉದುರಿಸಿದರೆ, ಬೆಳ್ಳಿಯ ನಡುವೆ ಕೆಂಪು ಹಕ್ಕಳೆಗಳು ಸಿಪ್ಪೆ ಎದ್ದಂತೆಯೇ ಕಾಣಿಸಿಕೊಂಡವು. ಈ ಉಪಾಯ ನಮ್ಮದಲ್ಲ, ಹವ್ಯಾಸಿಗಳಿಗೆಲ್ಲ ತಿಳಿದುದೇ. ಹರಳು ದಪ್ಪವಾಗಿರಬಾರದು, ಪುಡಿಯುಪ್ಪೇ ಸರಿ.

ತುಕ್ಕಿನ ಗೀರುಗಳಿಗೆ ವಿದೇಶದ ಪುಡಿಗಳು ಸಣ್ಣ ಸಣ್ಣ ಡಬ್ಬಿಗಳಲ್ಲಿ ಬರುವುವು. ಬೆಲೆ ಕೇಳಿದರೆ ಕೇಸರಿಯ ನೆನಪಾಗುವುದು. ನಾವು ಕಾವಿಯ ಪುಡಿಯನ್ನು ತೆಗೆದುಕೊಂಡೆವು. ಕಾವಿಗೆ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ, ತುಕ್ಕಿಗೂ ಅದರಿಂದಲೇ; ಆದುದರಿಂದ ಇದರಲ್ಲಿ ವಂಚನೆಯೇನೂ ಇಲ್ಲ. ಹೊಸ ತುಕ್ಕು ಕಿತ್ತಳೆಯ ಕಡೆಗೂ ಹಳೆಯದು ಕಾಫಿಬೀಜದ ಬಣ್ಣಕ್ಕೂ ಇರುವುದು. ಕಿತ್ತಳೆಯನ್ನು ತರಲು ಮನೆಯಾಕೆ ಒಂದು ಚಿಟಿಕೆ ಅರಿಸಿನವನ್ನು ಸೇರಿಸಬಹುದೆಂದಳು, ಸೇರಿಸಿದೆವು, ಬಹಳ ಚೆನ್ನಾಯಿತು. ಅಟ್ಟದ ಕಿಟಕಿಯ ಬಿಸಿಲಿಗೆ ಮೂರು ವಾರಗಳಲ್ಲಿ ಅರಿಸಿನವೆಲ್ಲ ಮಾಯವಾಯಿತು. ಆಮೇಲೆ ನಮ್ಮ ಹಳೆಯ ಮೇಜಿನಲ್ಲಿ ಉಳಿದಿದ್ದ ಬಣ್ಣದ ಸೀಮೆಸುಣ್ಣಗಳನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿಮಾಡಿದೆವು. ನಿವೃತ್ತನಾದ ಮೇಲೆ ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದುದು ಅದೇ ಮೊದಲು. ಕಂಬಗಳ ಮೈಯಲ್ಲಿ ಸುಣ್ಣ ಕರಗಿ ಇಳಿದ ಬಿಳಿಯ ಗೀರುಗಳಿಗೆ ಬಿಳಿ ಸೀಮೆಸುಣ್ಣ, ಸುರಂಗದ ಬಾಯಿಗೆ ದೀಪದ ಮಸಿ. ರಿವೆಟ್ಟುಗಳನ್ನು ಎಬ್ಬಿಸಲು ಕುಂಚವನ್ನು ಬಣ್ಣದಲ್ಲಿ ಅದ್ದಿ, ಬಟ್ಟೆಯಲ್ಲಿ ಹೆಚ್ಚುಕಡಿಮೆ ಪೂರಾ ಒರಸಿ, ಉಳಿದ ಒಣಕುಂಚವನ್ನು ಮೇಲೆ ಮೇಲೆ ಸವರುವುದು. ಕೆಲಸ ಮುಗಿಯಿತೆನ್ನುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಬೇಕು. ಇದು ಬಣ್ಣಕ್ಕಿಂತಲೂ ಕಷ್ಟ.

ಸೇತುವೆಯ ಎಲ್ಲ ಮಗ್ಗುಲುಗಳೂ ಸಮನಾಗಿ ಹಳೆಯದಾಗುವುದಿಲ್ಲವೆಂಬುದು ಕೊಡಗಿನ ಮಕ್ಕಳಿಗೂ ಗೊತ್ತು. ನಮ್ಮ ಮಳೆ ಬರುವುದು ನೈಋತ್ಯದಿಂದ. ಪಡುವಣ ಗೋಡೆಗೆ ಮಳೆಗಾಲಕ್ಕೆ ಮುನ್ನ ತಟ್ಟಿ ಕಟ್ಟುವ ರೂಢಿ ಸುಮ್ಮನೆ ಬಂದುದಲ್ಲ. ಪಾಚಿ ಕಟ್ಟುವುದೂ ಮೊದಲು ಅದೇ ಗೋಡೆಗೆ. ಹಾಗಾದರೆ ಹಲಗೆಯ ಮೇಲೆ ಪಶ್ಚಿಮ ಯಾವುದು? ಈ ಪ್ರಶ್ನೆಯನ್ನು ಎತ್ತಿದವನು ಹುಡುಗನು. ಆ ದಿನ ಗುಡ್ಡದ ತುದಿಯಲ್ಲಿ ಒಂದು ಬೆಂಕಿಕಡ್ಡಿಯನ್ನು ಚುಚ್ಚಿ ದಿಕ್ಕುಗಳನ್ನು ಗೊತ್ತುಮಾಡಿದೆವು. ಅಂದಿನಿಂದ ಕಂಬಗಳ ನೈಋತ್ಯ ಮುಖಕ್ಕೆ ಹಸುರು, ಈಶಾನ್ಯ ಮುಖಕ್ಕೆ ಬರಿಯ ಧೂಳು. ಇದೊಂದು ನಿಯಮದಿಂದ ಸೇತುಕವು ಇದ್ದಕ್ಕಿದ್ದಂತೆ ನಮ್ಮ ಕಡೆಯದಾಯಿತು. ಸಮುದ್ರದ ಬಳಿಯ ಸೇತುವೆಯಾಗಿದ್ದರೆ ಲೆಕ್ಕವೇ ಬೇರೆ. 1914ರಿಂದ 2022ರ ಡಿಸೆಂಬರಿನವರೆಗೆ ಗಾಡಿಗಳನ್ನು ಹೊತ್ತ ಹಳೆಯ ಪಾಂಬನ್ ಸೇತುವೆಯನ್ನು ಉಪ್ಪುಗಾಳಿಯು ಎಲ್ಲ ದಿಕ್ಕಿನಿಂದಲೂ ತಿಂದಿತು. ಇತ್ತ ಒಂದೇ ಜಿಲ್ಲೆಯಲ್ಲಿಯೂ ಭೇದವುಂಟು: ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕ ಮಳೆ, ಮೂವತ್ತು ಕಿಲೋಮೀಟರು ಕೆಳಗಣ ಕುಶಾಲನಗರಕ್ಕೆ ಅದರ ಅರ್ಧವೂ ಇಲ್ಲ. ಕುಶಾಲನಗರದವರು ಸೇತುಕ ಮಾಡಿದರೆ ಹಸುರನ್ನು ಕಡಿಮೆ ಹಚ್ಚತಕ್ಕದ್ದು.

ಇನ್ನೊಂದು ಸಂಗತಿಯನ್ನು ಸಭ್ಯತೆಗೆ ಭಂಗ ಬಾರದಂತೆ ಹೇಳಬೇಕಾಗಿದೆ. ಹಿಂದಿನ ಬೋಗಿಗಳಲ್ಲಿ ಶೌಚದ ನೀರು ನೇರವಾಗಿ ಹಳಿಯ ಮೇಲೆ ಬೀಳುತ್ತಿದ್ದಿತು. ಹಳಿಗಳೂ ಗರ್ಡರುಗಳ ಮೇಲ್ಭಾಗವೂ ತುಕ್ಕು ಹಿಡಿಯಲು ಅದೊಂದು ದೊಡ್ಡ ಕಾರಣವಾಗಿದ್ದಿತು. ಜೈವಿಕ ಶೌಚಾಲಯಗಳು ಬಂದ ಮೇಲೆ ಈ ಬಾಧೆ ತಪ್ಪಿದೆ. ಆದುದರಿಂದ ಸೇತುಕವು ಯಾವ ಕಾಲದ್ದೆಂದು ಮೊದಲು ನಿಶ್ಚಯಿಸಿಕೊಂಡೇ ಸ್ಲೀಪರುಗಳ ಕೆಳಗೆ ಕಂದನ್ನು ಹಚ್ಚಬೇಕು. ನಮ್ಮದು 2018ರ ಬೇಸಗೆಯ ಸೇತುವೆ ಎಂದು ಇಟ್ಟುಕೊಂಡಿದ್ದೆವು. ಏಕೆ ಆ ವರ್ಷವೆಂದು ಹುಡುಗನನ್ನು ನಾವು ಕೇಳಿರಲಿಲ್ಲ.

ಇಷ್ಟೆಲ್ಲ ಆದುದು ಫಾಲ್ಗುಣ ಚೈತ್ರಗಳಲ್ಲಿ. ಕಡೆಯದಾಗಿ ಪುಡಿಗಳು ಉದುರದಂತೆ ಹೊಳಪಿಲ್ಲದ ವಾರ್ನಿಷನ್ನು ಸಿಂಪಡಿಸುವ ಕೆಲಸ ಉಳಿದಿತ್ತು. ಪರೀಕ್ಷೆ, ಮದುವೆಗಳ ಗಡಿಬಿಡಿಯಲ್ಲಿ ಅದು ಜುಲೈಗೆ ಬಿದ್ದಿತು. ಆ ತಿಂಗಳಲ್ಲಿ ನಮ್ಮ ಉಪ್ಪಿನ ಭರಣಿಯೇ ನೀರಾಡುವುದು, ಪುಸ್ತಕಗಳಿಗೆ ಬೂಷ್ಟು, ಬಟ್ಟೆ ಒಣಗುವುದು ಒಲೆಯ ಮೇಲೆ. ಇದನ್ನರಿತೂ ಡಬ್ಬಿಯನ್ನು ಅಲುಗಿಸಿ ಸಿಂಪಡಿಸಿಬಿಟ್ಟೆವು. ಕಾಲುಗಂಟೆಯಲ್ಲಿ ಸೇತುಕದ ಮೇಲೆಲ್ಲ ಹಾಲುಚೆಲ್ಲಿದಂತೆ ಬಿಳಿಯ ಮಸುಕು ಕವಿಯಿತು. ಗಾಳಿಯ ತೇವವು ಒಣಗುತ್ತಿರುವ ವಾರ್ನಿಷಿನಲ್ಲಿ ಸಿಕ್ಕಿಕೊಂಡರೆ ಹೀಗಾಗುವುದೆಂದು ಆಮೇಲೆ ತಿಳಿಯಿತು. ಅದೇ ಸಮಯಕ್ಕೆ ಕಂಬಗಳಿಗೆಂದು ತರಿಸಿದ್ದ ದಪ್ಪಕಾಗದದ ಕಿಟ್ಟು ಉಬ್ಬಿ, ಒಂದು ಕಂಬವು ವಾಲಿತು. ಕಣಿವೆಯ ನೆಲಕ್ಕೆ ಹರಡಿದ್ದ ಸೋಸಿದ ಕಾಫಿಚರಟಕ್ಕೆ ಬಿಳಿಯ ರೋಮದಂಥ ಬೂಷ್ಟು ಎದ್ದಿತು. ನಾವು ಕುಂಚದಿಂದ ಮಳೆ ಹೊಯ್ಸಹೋದರೆ ಮಳೆಯು ತಾನೇ ಅಟ್ಟಕ್ಕೆ ಬಂದಂತಾಯಿತು.

ಆದುದರಿಂದ ಮಲೆನಾಡಿನ ವಾಚಕರಲ್ಲಿ ನಮ್ಮ ವಿಜ್ಞಾಪನೆ: ಬಣ್ಣ, ವಾರ್ನಿಷುಗಳ ಕೆಲಸವನ್ನು ಡಿಸೆಂಬರಿನಿಂದ ಏಪ್ರಿಲಿನೊಳಗೆ ಮುಗಿಸಿರಿ. ಕಾಗದದ ಕಿಟ್ಟುಗಳು ಬಯಲುಸೀಮೆಗೆ ಒಳ್ಳೆಯವು. ನಮಗೆ ಪ್ಲಾಸ್ಟಿಕ್ಕೇ ಕ್ಷೇಮ. ನೆಲಕ್ಕೆ ಹರಡುವ ಮಣ್ಣನ್ನಾಗಲಿ ಚರಟವನ್ನಾಗಲಿ ಬಾಣಲೆಯಲ್ಲಿ ಚೆನ್ನಾಗಿ ಹುರಿಯದೆ ಬಳಸಬೇಡಿರಿ. ಒಂದಕ್ಕೆ ಒಂದರಂತೆ ನೀರು ಬೆರಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ತೊಟ್ಟು ಸೇರಿಸಿದರೆ ಅದು ಮಣ್ಣಿನೊಳಕ್ಕೆ ಇಂಗಿ ಹಿಡಿಯುವುದು.

ಕೆಟ್ಟುಹೋದ ನೆಲವನ್ನು ಕೆರೆದು ತೆಗೆದ ಮೇಲೆ ಕಣಿವೆಯ ಮಗ್ಗುಲನ್ನು ಮತ್ತೆ ಮಾಡಬೇಕಾಯಿತು. ನಾವು ಅದಕ್ಕೆ ದಟ್ಟವಾಗಿ ಮರಗಳನ್ನು ನೆಡೋಣವೆಂದೆವು. ಹುಡುಗನು ಮೂರನೆಯ ಕಂಬದ ಬಳಿ ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ಮರಗಳನ್ನು ಬಿಟ್ಟು, ಒಂದು ಪಟ್ಟೆಯನ್ನು ಬರಿದಾಗಿಯೇ ಇಟ್ಟನು. ಇದೇನೆಂದು ಕೇಳಿದೆವು. “ಕುಸಿದದ್ದು” ಎಂದನು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಇಳಿದುದನ್ನು ಕೊಡಗಿನವರು ಮರೆತಿಲ್ಲ. ಅದೇ ಮಳೆಯಲ್ಲಿ ಸಕಲೇಶಪುರದ ಘಟ್ಟದ ಹಳಿಯ ಮೇಲೂ ಅನೇಕ ಕಡೆ ಮಣ್ಣು ಬಿದ್ದು ವಾರಗಟ್ಟಲೆ ಗಾಡಿಗಳು ನಿಂತವು. ನಾವು ಆಗ ಇದ್ದುದು ಗುಡ್ಡದ ಮಗ್ಗುಲಿನ ಹಳೆಯ ಮನೆಯಲ್ಲಿ. ಹಿತ್ತಲ ದರೆ ಇಳಿಯತೊಡಗಿದ ರಾತ್ರಿ ಎರಡನೆಯ ತರಗತಿಯ ಈ ಹುಡುಗನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಬಿದ್ದೆವು. ಎಲ್ಲರೂ ಉಳಿದೆವು, ಅಡುಗೆಮನೆ ಉಳಿಯಲಿಲ್ಲ. ಅನಂತರ ಬಹಳ ದಿನ ಅವನು ಮಳೆ ಜೋರಾದರೆ ಊಟದ ಎಲೆಯ ಮುಂದಿನಿಂದ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದನು. ಈಗ ಆ ಅಭ್ಯಾಸವಿಲ್ಲ. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತದಿರುವುದೇ ಒಳಿತೆಂದು ನಾವು ತಿಳಿದಿದ್ದೆವು.

ಆದುದರಿಂದ ನಾವು ಹೇಳಿದೆವು: “ಬೇಸಗೆಯ ಸೇತುವೆ ಎಂದೆಯಲ್ಲ, ಮಗು. ಆಗ ಇನ್ನೂ ಕುಸಿದಿರಲಿಲ್ಲ. ಹಸುರು ಹಾಕೋಣ.” ಅವನು ಸ್ವಲ್ಪ ಹೊತ್ತು ಚಿಮ್ಮಟವನ್ನು ಆಡಿಸುತ್ತಿದ್ದು, “ಸೇತುವೆಗೆ ತುಕ್ಕು ಹಚ್ಚುವಾಗ ನೀರು ಎಲ್ಲಿ ಹೋಯಿತೆಂದು ನೋಡಿ ಹಚ್ಚಬೇಕೆಂದಿರಿ. ಗುಡ್ಡಕ್ಕೆ ಮಾತ್ರ ಹೊಸ ಬಣ್ಣ ಯಾಕೆ, ಅಜ್ಜ? ಬೇಸಗೆಯದು ಬೇಡ. ಮಳೆ ಬಿಟ್ಟಮೇಲಿನದು ಮಾಡೋಣ” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಹಳೆಯ ಮನೆಯ ಹಿತ್ತಲಿಗೆ ಹೋದೆವು. ಏಳು ವರ್ಷಗಳ ಮೇಲೆ ಅವನು ಅಲ್ಲಿಗೆ ಬಂದುದು ಅದೇ ಮೊದಲು. ದರೆ ಇಳಿದ ಕಡೆ ಈಗ ಹುಲ್ಲು ಬೆಳೆದಿದೆ. ಒಂದು ಕಡೆ ಮಾತ್ರ ಕೆಮ್ಮಣ್ಣು ಹಸಿಯಾಗಿ ಕಾಣುತ್ತದೆ. ಅವನು ಆಚೀಚೆ ನೋಡಿ, ನೀರು ಯಾವ ಕಡೆಯಿಂದ ಬಂದಿರಬೇಕೆಂದು ಕೈಯಿಂದ ಗೆರೆ ಎಳೆದು ತೋರಿಸಿದನು. ಸರಿಯಾಗಿಯೇ ತೋರಿಸಿದನು. ಒಂದು ಡಬ್ಬಿ ಮಣ್ಣನ್ನು ತುಂಬಿಕೊಂಡು ಬಂದೆವು.

ಮಣ್ಣನ್ನು ಹುರಿದು, ರವೆಯ ಜರಡಿಯಲ್ಲಿ ಜಾಲಿಸಿ, ಪಟ್ಟೆಗೆ ಹಚ್ಚಿದ್ದಾಗಿದೆ. ಬುಡದಲ್ಲಿ ತಂತಿಬಲೆಯೊಳಗೆ ಕಲ್ಲು ತುಂಬಿದ ತಡೆಗೋಡೆಯನ್ನು ಸೊಳ್ಳೆಪರದೆಯ ತುಂಡಿನಿಂದ ಮಾಡಿದನು, ಕಲ್ಲಿಗೆ ಹೊಳೆಮರಳು. ಹಾಲಿನ ಮಸುಕು ಕವಿದಿದ್ದ ಗರ್ಡರುಗಳಿಗೆ ಮತ್ತೊಮ್ಮೆ ಬೆಳ್ಳಿ, ಮತ್ತೊಮ್ಮೆ ಕಾವಿ ಆಗಬೇಕಾಗಿದೆ. ಅದಕ್ಕೆ ಡಿಸೆಂಬರಿನ ಒಣಗಾಳಿಯನ್ನು ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಐದೂವರೆಯ ಗಾಡಿ ಮೂರನೆಯ ಕಂಬದ ಬಳಿ ನಿಧಾನವಾಗಿ ಹೋಗಬೇಕೆಂದು ಹುಡುಗನು ಒಂದು ಫಲಕವನ್ನು ನೆಟ್ಟಿದ್ದಾನೆ. ರವೆಯ ಜರಡಿಯನ್ನು ಮನೆಯಾಕೆ ಅಡುಗೆಮನೆಗೆ ಹಿಂದಕ್ಕೆ ಸೇರಿಸಲೊಲ್ಲಳು, ಹೊಸದೊಂದನ್ನು ತರಬೇಕು.